ಎಸ್‌ಎಸ್‌ಡಿ ಎಷ್ಟು ಸವೆದಿದೆ, ಸವೆಸುತ್ತಿರುವುದು ಯಾವುದು? ಮನೆಯಲ್ಲೇ ಲೆಕ್ಕ ಇಡುವ ವಿಧಾನ

ಯಾವುದೋ ಸಾಫ್ಟ್‌ವೇರ್ ಹಾಕಿ ನೋಡಿದರೆ ಎಸ್‌ಎಸ್‌ಡಿ, ಅಂದರೆ ಕಂಪ್ಯೂಟರಿನ ಫೈಲ್‌ಗಳನ್ನೆಲ್ಲ ಇಟ್ಟುಕೊಳ್ಳುವ ಡ್ರೈವ್, ಅದರ ಹೆಲ್ತ್ 94% ಅಂತ ಬರುತ್ತದೆ. ಲ್ಯಾಪ್‌ಟಾಪ್ ಕೊಂಡು ಎರಡೇ ವರ್ಷ. ಆಗಲೇ ಆರು ಪರ್ಸೆಂಟ್ ಹೋಯ್ತಾ? ಇನ್ನೆಷ್ಟು ದಿನ ಬರುತ್ತೆ?

ಆ 94 ಒಂದನ್ನೇ ಹಿಡಿದುಕೊಂಡರೆ ಏನೂ ಗೊತ್ತಾಗುವುದಿಲ್ಲ. ಎರಡು ವರ್ಷಕ್ಕೆ ಆರು ಅಂದರೆ, ಇದೇ ವೇಗದಲ್ಲಿ ನೂರು ಮುಟ್ಟಲು ಮೂವತ್ತು ವರ್ಷಕ್ಕೂ ಜಾಸ್ತಿ ಬೇಕು. ಅಷ್ಟು ಹೊತ್ತಿಗೆ ಆ ಲ್ಯಾಪ್‌ಟಾಪ್ ಎಲ್ಲಿರುತ್ತದೋ! ಅದೇ ಆರು ಪರ್ಸೆಂಟ್ ಕಳೆದ ಒಂದೇ ತಿಂಗಳಲ್ಲಿ ಹೋಗಿದ್ದರೆ ಮಾತ್ರ ಎದ್ದು ಕೂತು ನೋಡಬೇಕಾದ ವಿಷಯ. ಮನೆಗೆ ಕರೆಂಟ್ ಬಿಲ್ ಬರುವುದು ಮೀಟರಿನಲ್ಲಿ ಕಾಣುವ ಒಟ್ಟು ಅಂಕಿಗಲ್ಲ, ಹೋದ ತಿಂಗಳ ರೀಡಿಂಗನ್ನು ಈ ತಿಂಗಳದರಲ್ಲಿ ಕಳೆದು ಉಳಿದದ್ದಕ್ಕೆ. ಎಸ್‌ಎಸ್‌ಡಿಗೂ ಇದೇ ಲೆಕ್ಕ. ಡ್ರೈವ್ ಒಳಗೇ ಒಂದು ಮೀಟರ್ ಇದೆ. ಅದನ್ನು ಓದುವುದು, ಬರೆದಿಡುವುದು, ಕಳೆಯುವುದು, ವ್ಯತ್ಯಾಸ ಜಾಸ್ತಿ ಕಂಡರೆ ಯಾವ ಪ್ರೋಗ್ರಾಮ್ ಕಾರಣ ಅಂತ ಹುಡುಕುವುದು: ಕೆಲಸ ಇಷ್ಟೇ.

ಒಂದು ಸೂಚನೆ. ಕಮಾಂಡುಗಳನ್ನೂ ಮೆನು ಹೆಸರುಗಳನ್ನೂ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.

ಸವೆತ ಅಂದರೆ ಏನು

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ, ಫ್ಲ್ಯಾಶ್ ಚಿಪ್‌ಗಳಿವೆ. ಚಿಪ್ಪಿನ ಒಂದೊಂದು ಸೆಲ್‌ನಲ್ಲೂ ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟು ಮಾಹಿತಿ ಉಳಿಸುತ್ತಾರೆ. ಬರೆಯುವಾಗಲೂ ಅಳಿಸುವಾಗಲೂ ಆ ಎಲೆಕ್ಟ್ರಾನ್‌ಗಳು ತೆಳುವಾದ ಒಂದು ನಿರೋಧಕ ಪದರವನ್ನು ದಾಟಬೇಕು. ಪ್ರತಿ ಸಲ ದಾಟಿದಾಗಲೂ ಪದರ ಸ್ವಲ್ಪ ಹಾಳಾಗುತ್ತದೆ. ಸವೆತ ಅಂದರೆ ಇದೇ. ಓದುವುದರಿಂದ ಆಗುವ ಹಾನಿ ಇದರ ಮುಂದೆ ಲೆಕ್ಕಕ್ಕಿಲ್ಲ.

ಒಂದು ಸೆಲ್‌ನಲ್ಲಿ ಎಷ್ಟು ಬಿಟ್ ತುಂಬುತ್ತಾರೆ ಅನ್ನುವುದರ ಮೇಲೆ ಬಾಳಿಕೆ ನಿಂತಿದೆ. ಎಸ್‌ಎಲ್‌ಸಿ ಅಂದರೆ ಒಂದು ಬಿಟ್, ಎಂಎಲ್‌ಸಿ ಎರಡು, ಟಿಎಲ್‌ಸಿ ಮೂರು, ಕ್ಯೂಎಲ್‌ಸಿ ನಾಲ್ಕು. ಬಿಟ್ ಹೆಚ್ಚಿದಷ್ಟೂ ಬೆಲೆ ಇಳಿಯುತ್ತದೆ, ಬಾಳಿಕೆಯೂ ಇಳಿಯುತ್ತದೆ. ಈಗ ಅಂಗಡಿಯಲ್ಲಿ ಸಿಗುವ ಬಹುಪಾಲು ಡ್ರೈವ್‌ಗಳು ಟಿಎಲ್‌ಸಿ ಅಥವಾ ಕ್ಯೂಎಲ್‌ಸಿ.

ಇನ್ನೊಂದು ವಿಷಯ ಗೊತ್ತಿರಬೇಕು. ಫ್ಲ್ಯಾಶ್‌ನಲ್ಲಿ ಬರೆಯುವುದು ಪೇಜ್ ಲೆಕ್ಕದಲ್ಲಿ, ಈಗಿನ ಚಿಪ್‌ಗಳಲ್ಲಿ ಒಂದು ಪೇಜ್ ಸಾಮಾನ್ಯವಾಗಿ 16 ಕೆಬಿ. ಅಳಿಸುವುದು ಮಾತ್ರ ಬ್ಲಾಕ್ ಲೆಕ್ಕದಲ್ಲಿ, ಒಂದು ಬ್ಲಾಕ್ ಹಲವು ಎಂಬಿ. ಬರೆದದ್ದರ ಮೇಲೆಯೇ ತಿದ್ದಿ ಬರೆಯಲು ಆಗುವುದಿಲ್ಲ. ಹಾಗಾಗಿ ಕಂಟ್ರೋಲರ್ (ಡ್ರೈವನ್ನು ನಡೆಸುವ ಚಿಪ್) ಹೊಸದನ್ನು ಬೇರೆ ಕಡೆ ಬರೆದು, ಹಳೆಯದಕ್ಕೆ ‘ರದ್ದು’ ಅಂತ ಗುರುತು ಹಾಕುತ್ತದೆ. ಆಮೇಲೆ ಬಿಡುವಾದಾಗ ಒಂದು ಬ್ಲಾಕ್‌ನಲ್ಲಿ ಉಳಿದಿರುವ ಒಳ್ಳೆಯ ಪೇಜ್‌ಗಳನ್ನು ಇನ್ನೊಂದಕ್ಕೆ ಸಾಗಿಸಿ ಆ ಬ್ಲಾಕನ್ನು ಪೂರ್ತಿ ಅಳಿಸುತ್ತದೆ. ಇದರಿಂದ ನೀವು 1 ಜಿಬಿ ಬರೆದರೆ ಒಳಗೆ ಚಿಪ್ ಮೇಲೆ 1.5 ಜಿಬಿಯೋ 3 ಜಿಬಿಯೋ ಬರೆದಂತಾಗಬಹುದು. ಇದಕ್ಕೆ ರೈಟ್ ಆಂಪ್ಲಿಫಿಕೇಷನ್ ಅನ್ನುತ್ತಾರೆ. ಕಂಪ್ಯೂಟರ್ ಕಳಿಸಿದ ರೈಟ್ ಬೇರೆ, ಚಿಪ್ ಮೇಲೆ ನಿಜವಾಗಿ ಆದ ರೈಟ್ ಬೇರೆ.

ಹಂತ 1: ನಿಮ್ಮ ಡ್ರೈವ್‌ನ ಟಿಬಿಡಬ್ಲ್ಯೂ ಹುಡುಕಿ

ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್ ಮೇಲೆ ಒತ್ತಿ. ಬಲಗಡೆ ಮೇಲೆ ಡ್ರೈವ್‌ನ ಪೂರ್ತಿ ಮಾಡೆಲ್ ಹೆಸರು ಕಾಣುತ್ತದೆ. ಆ ಹೆಸರನ್ನು ತಯಾರಕರ ವೆಬ್‌ಸೈಟಿನ ಡೇಟಾಶೀಟ್‌ನಲ್ಲಿ ಹುಡುಕಿ. ‘ಟೆರಾಬೈಟ್ಸ್ ರಿಟನ್’, ಅಂದರೆ ಟಿಬಿಡಬ್ಲ್ಯೂ ಅನ್ನುವ ಅಂಕಿ ಬೇಕು. ಒಂದೇ ಮಾಡೆಲ್‌ನಲ್ಲೂ ಗಾತ್ರ ಬದಲಾದರೆ ಅಂಕಿ ಬದಲಾಗುತ್ತದೆ, ಆದ್ದರಿಂದ ನಿಮ್ಮ ಗಾತ್ರದ ಸಾಲನ್ನೇ ನೋಡಿ.

ಅಂದಾಜಿಗೆ ಕೆಲವು: ಕಿಂಗ್‌ಸ್ಟನ್ ಎ400, 240 ಜಿಬಿಗೆ 80 ಟಿಬಿ. ಸ್ಯಾಮ್ಸಂಗ್ 870 ಇವಿಒ, 500 ಜಿಬಿಗೆ 300 ಟಿಬಿ, 1 ಟಿಬಿಗೆ 600. ಕ್ರೂಷಿಯಲ್ ಪಿ3, 1 ಟಿಬಿಗೆ 220. ಪಿ3ಯೂ 870 ಇವಿಒನೂ ಎರಡೂ 1 ಟಿಬಿ, ಆದರೆ ಅಂಕಿಯಲ್ಲಿ ಎರಡೂವರೆ ಪಟ್ಟಿಗೂ ಜಾಸ್ತಿ ಅಂತರ. ಪಿ3 ಕ್ಯೂಎಲ್‌ಸಿ, ಇನ್ನೊಂದು ಟಿಎಲ್‌ಸಿ.

ಟಿಬಿಡಬ್ಲ್ಯೂ ಅಂದರೆ ಡ್ರೈವ್ ಸಾಯುವ ಗೆರೆ ಅಲ್ಲ. ಅದು ವಾರಂಟಿಯ ಗೆರೆ. ‘ಇಷ್ಟು ವರ್ಷ ಅಥವಾ ಇಷ್ಟು ಟಿಬಿ, ಯಾವುದು ಮೊದಲೋ ಅದು’ ಅನ್ನುವ ಷರತ್ತಿನ ಭಾಗ. ದಿ ಟೆಕ್ ರಿಪೋರ್ಟ್ ಅನ್ನುವ ತಾಣ 2013ರಲ್ಲಿ ಆರು ಡ್ರೈವ್‌ಗಳಿಗೆ ನಿಲ್ಲಿಸದೆ ಬರೆಯುತ್ತಾ ಹೋಯಿತು, 2015ರಲ್ಲಿ ಕೊನೆಯದು ಸಾಯುವವರೆಗೂ. ಆರೂ 700 ಟಿಬಿ ದಾಟಿದವು. ಸ್ಯಾಮ್ಸಂಗ್ 840 ಪ್ರೊ 2,400 ಟಿಬಿವರೆಗೆ ಎಳೆಯಿತು, ಅದೂ 256 ಜಿಬಿ ಡ್ರೈವ್. ಆ ಕಾಲದ ಚಿಪ್‌ಗಳು ಬೇರೆ, ಈಗಿನ ಅಗ್ಗದ ಕ್ಯೂಎಲ್‌ಸಿಯಿಂದ ಅಷ್ಟು ನಿರೀಕ್ಷಿಸಬೇಡಿ. ಆದರೂ ಗೆರೆ ದಾಟಿದ ಮರುದಿನವೇ ಡ್ರೈವ್ ಮಲಗುತ್ತದೆ ಅನ್ನುವ ಭಯ ಬೇಡ.

ಹಂತ 2: ಮೀಟರ್ ಓದಿ

ವಿಂಡೋಸ್‌ನಲ್ಲಿ

ವಿಂಡೋಸ್ 11 ಇದ್ದು ಡ್ರೈವ್ ಎನ್‌ವಿಎಂಇ (ಹೊಸ, ವೇಗದ ಸಂಪರ್ಕದ ಬಗೆ; ಹಳೆಯದು ಸಾಟಾ) ಆಗಿದ್ದರೆ ಏನೂ ಹಾಕಿಕೊಳ್ಳದೆಯೂ ನೋಡಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಅಡ್ವಾನ್ಸ್ಡ್ ಸ್ಟೋರೇಜ್ ಸೆಟ್ಟಿಂಗ್ಸ್, ಡಿಸ್ಕ್ಸ್ ಅಂಡ್ ವಾಲ್ಯೂಮ್ಸ್. ಡಿಸ್ಕ್ ಆರಿಸಿ ಪ್ರಾಪರ್ಟೀಸ್ ಒತ್ತಿದರೆ ಉಳಿದ ಆಯಸ್ಸಿನ ಅಂದಾಜು, ಸ್ಪೇರ್ (ಎತ್ತಿಟ್ಟ ಹೆಚ್ಚುವರಿ ಜಾಗ) ಎಷ್ಟಿದೆ, ಟೆಂಪರೇಚರ್ ಎಷ್ಟು ಅಂತ ಮೂರು ಸಾಲು ಸಿಗುತ್ತದೆ. ಎಷ್ಟು ಬರೆದಿದೆ ಅನ್ನುವುದು ಮಾತ್ರ ಇಲ್ಲಿ ಸಿಗುವುದಿಲ್ಲ, ನಮಗೆ ಬೇಕಾದದ್ದೇ ಅದು.

ಅದಕ್ಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿಕೊಳ್ಳಿ. ಜಪಾನಿನ ಡೆವಲಪರ್ ಮಾಡಿದ್ದು, ಉಚಿತ. ಸ್ಟ್ಯಾಂಡರ್ಡ್ ಆವೃತ್ತಿ ಸಾಕು. ಶಿಝುಕು ಅನ್ನುವ ಆವೃತ್ತಿ ಇಳಿಸಿಕೊಂಡರೂ ಕೆಲಸ ಅದೇ, ಪರದೆಯ ಪಕ್ಕದಲ್ಲಿ ಒಬ್ಬಳು ಆನಿಮೆ ಹುಡುಗಿ ನಿಂತಿರುತ್ತಾಳೆ ಅಷ್ಟೇ. ಆಫೀಸ್ ಕಂಪ್ಯೂಟರಿಗೆ ಯಾವುದು ಹಾಕಬೇಕು ನೀವೇ ನೋಡಿಕೊಳ್ಳಿ.

ತೆರೆದ ಕೂಡಲೇ ಎಡಗಡೆ ಹೆಲ್ತ್ ಸ್ಟೇಟಸ್, ಬಲಗಡೆ ಮೇಲೆ ‘ಟೋಟಲ್ ಹೋಸ್ಟ್ ರೈಟ್ಸ್’. ಎರಡನೆಯದು ಕಂಪ್ಯೂಟರ್ ಇದುವರೆಗೆ ಡ್ರೈವ್‌ಗೆ ಕಳಿಸಿದ ಒಟ್ಟು ಜಿಬಿ. ಕೆಳಗಿನ ಪಟ್ಟಿಯಲ್ಲಿ ರಾ ವ್ಯಾಲ್ಯೂಗಳು ಹೆಕ್ಸಾಡೆಸಿಮಲ್‌ನಲ್ಲಿ ಇರುತ್ತವೆ, ಹಾಗಾಗಿ ಅಂಕಿ ನಡುವೆ ಅಕ್ಷರ ಕಾಣುತ್ತದೆ. ಫಂಕ್ಷನ್ ಮೆನು, ಅಡ್ವಾನ್ಸ್ಡ್ ಫೀಚರ್, ರಾ ವ್ಯಾಲ್ಯೂಸ್‌ಗೆ ಹೋಗಿ 10 ಇರುವ ಡೆಸಿಮಲ್ ಆಯ್ಕೆ ಮಾಡಿದರೆ ಮಾಮೂಲಿ ಅಂಕಿ ಬರುತ್ತದೆ.

ಹೊರಗಿನ ಸಾಫ್ಟ್‌ವೇರ್ ಹಾಕಲು ಅನುಮತಿ ಇಲ್ಲದ ಕಡೆ ಪವರ್‌ಶೆಲ್ಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಗೆಟ್-ಫಿಸಿಕಲ್‌ಡಿಸ್ಕ್, ಒಂದು ಪೈಪ್ ಚಿಹ್ನೆ, ಗೆಟ್-ಸ್ಟೋರೇಜ್‌ರಿಲಯಬಿಲಿಟಿಕೌಂಟರ್, ಇನ್ನೊಂದು ಪೈಪ್, ಫಾರ್ಮ್ಯಾಟ್-ಲಿಸ್ಟ್ ಅಂತ ಕೊಡಿ. ‘ವೇರ್’ ಅನ್ನುವ ಸಾಲಿನಲ್ಲಿ ಸವೆತದ ಶೇಕಡಾ ಬರುತ್ತದೆ. ಎಲ್ಲ ಡ್ರೈವ್‌ಗಳೂ ಇಲ್ಲಿ ಬಾಯಿ ಬಿಡುವುದಿಲ್ಲ.

ಲಿನಕ್ಸ್‌ನಲ್ಲಿ

ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜ್ ಹಾಕಿಕೊಂಡು ಸುಡೊ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎನ್‌ವಿಎಂಇ0 ಅಂತ ಕೊಡಿ. ಇಲ್ಲಿ ‘ಎ’ ಸಣ್ಣಕ್ಷರ. ಸಾಟಾ ಡ್ರೈವ್ ಆದರೆ ಕೊನೆಗೆ /ಡೆವ್/ಎಸ್‌ಡಿಎ. ಯುಎಸ್‌ಬಿ ಡಬ್ಬಿಯೊಳಗಿನ ಡ್ರೈವ್ ಆದರೆ ಹಲವು ಸಲ ಏನೂ ಬರುವುದಿಲ್ಲ. ಡಬ್ಬಿಯ ಬ್ರಿಡ್ಜ್ ಚಿಪ್ ಪ್ರಶ್ನೆಯನ್ನು ಒಳಗೆ ದಾಟಿಸದೇ ಇರುವುದು ಅದಕ್ಕೆ ಕಾರಣ. ಸಾಟಾ ಡ್ರೈವ್‌ಗೆ -ಡಿ ಸ್ಯಾಟ್ ಅಂತ ಸೇರಿಸಿ ನೋಡಿ. ಎನ್‌ವಿಎಂಇ ಡಬ್ಬಿಗಳಿಗೆ ಚಿಪ್ ಯಾವ ಕಂಪನಿಯದು ಅನ್ನುವುದರ ಮೇಲೆ ಬೇರೆ ಬೇರೆ ಆಯ್ಕೆಗಳಿವೆ, ಸ್ಮಾರ್ಟ್‌ಸಿಟಿಎಲ್‌ನ ಮ್ಯಾನುಯಲ್ ಪುಟದಲ್ಲಿ ಪಟ್ಟಿ ಇದೆ.

ಮ್ಯಾಕ್‌ನಲ್ಲಿ

ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ‘ವೆರಿಫೈಡ್’ ಅಂತ ಒಂದು ಪದ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಹೋಮ್‌ಬ್ರೂ (ಮ್ಯಾಕ್‌ಗೆ ಇಂಥ ಟೂಲ್ ಇಳಿಸಿಕೊಡುವ ಪ್ರೋಗ್ರಾಮ್) ಮೂಲಕ ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕಿಕೊಂಡರೆ ಲಿನಕ್ಸ್‌ನ ಅದೇ ಕಮಾಂಡ್ ನಡೆಯುತ್ತದೆ, ಡಿಸ್ಕಿನ ಹೆಸರು ಮಾತ್ರ ಡಿಸ್ಕ್0. ಈಗಿನ ಮ್ಯಾಕ್‌ಬುಕ್‌ಗಳಲ್ಲಿ ಎಸ್‌ಎಸ್‌ಡಿ ಚಿಪ್‌ಗಳನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಸವೆದರೆ ಸುಲಭವಾಗಿ ಬದಲಿಸಲು ಆಗುವುದಿಲ್ಲ. ಹಾಗಾಗಿ ಬೇರೆಯವರಿಗಿಂತ ಮ್ಯಾಕ್‌ಬುಕ್‌ನವರೇ ಈ ಲೆಕ್ಕ ಇಡುವುದು ಒಳ್ಳೆಯದು.

ಹಂತ 3: ಯಾವ ಸಾಲು ನೋಡಬೇಕು

ಎನ್‌ವಿಎಂಇ ಡ್ರೈವ್‌ಗಳಲ್ಲಿ ಇದು ಸಲೀಸು. ಸಾಲುಗಳ ಹೆಸರನ್ನೂ ಅರ್ಥವನ್ನೂ ಎಲ್ಲ ಕಂಪನಿಗಳಿಗೂ ಒಂದೇ ಅಂತ ಸ್ಟ್ಯಾಂಡರ್ಡ್‌ನಲ್ಲೇ ಕಟ್ಟಿಹಾಕಿದ್ದಾರೆ. ಇಪ್ಪತ್ತು ಸಾಲು ಬಂದರೂ ಐದು ನೋಡಿದರೆ ಸಾಕು.

‘ಡೇಟಾ ಯೂನಿಟ್ಸ್ ರಿಟನ್’ ನಮ್ಮ ಮೀಟರ್. ಒಂದು ಯೂನಿಟ್ ಅಂದರೆ 512 ಬೈಟ್‌ನ ಸಾವಿರ ತುಂಡು, ಅಂದರೆ 5,12,000 ಬೈಟ್. ಸ್ಮಾರ್ಟ್‌ಸಿಟಿಎಲ್ ಪಕ್ಕದಲ್ಲೇ ಟಿಬಿ ಲೆಕ್ಕ ಹಾಕಿಯೂ ಕೊಡುತ್ತದೆ.

‘ಪರ್ಸೆಂಟೇಜ್ ಯೂಸ್ಡ್’ ಅಂದರೆ ತಯಾರಕರು ಅಂದಾಜು ಮಾಡಿದ ಆಯಸ್ಸಿನಲ್ಲಿ ಎಷ್ಟು ಮುಗಿದಿದೆ. ಸೊನ್ನೆಯಿಂದ ಶುರುವಾಗಿ ಏರುತ್ತದೆ. ನೂರಕ್ಕೆ ನಿಲ್ಲುವುದಿಲ್ಲ, 255ರವರೆಗೂ ಹೋಗಲು ಜಾಗ ಇದೆ. ನೂರು ದಾಟಿಯೂ ಕೆಲಸ ಮಾಡುವ ಡ್ರೈವ್ ಇರುತ್ತದೆ ಅಂತ ಸ್ಟ್ಯಾಂಡರ್ಡ್ ಬರೆದವರೇ ಒಪ್ಪಿಕೊಂಡ ಹಾಗಾಯಿತು, ಅಲ್ವಾ? ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೋರಿಸುವ ಹೆಲ್ತ್ ಶೇಕಡಾ, ನೂರರಿಂದ ಇದನ್ನು ಕಳೆದ ಅಂಕಿ.

‘ಅವೈಲಬಲ್ ಸ್ಪೇರ್’ ನನ್ನ ಪ್ರಕಾರ ಪರ್ಸೆಂಟೇಜ್‌ಗಿಂತ ಮುಖ್ಯ. ಕೆಟ್ಟ ಬ್ಲಾಕ್‌ಗಳ ಬದಲಿಗೆ ಹಾಕಲು ಡ್ರೈವ್ ಒಳಗೆ ಎತ್ತಿಟ್ಟ ಹೆಚ್ಚುವರಿ ಬ್ಲಾಕ್‌ಗಳಲ್ಲಿ ಎಷ್ಟು ಉಳಿದಿದೆ ಅನ್ನುವುದು ಇದು. ಪರ್ಸೆಂಟೇಜ್ ಸಾಲು ಆಯಸ್ಸಿನ ಅಂದಾಜು, ಇದು ನಿಜವಾಗಿ ಕೆಟ್ಟದ್ದರ ಲೆಕ್ಕ. 100ರಿಂದ ಇಳಿಯಲು ಶುರುವಾದರೆ ಗಮನ ಕೊಡಿ. ಪಕ್ಕದ ಥ್ರೆಶೋಲ್ಡ್ (ಎಚ್ಚರಿಕೆಯ ಗೆರೆ) ಮಟ್ಟಕ್ಕಿಂತ ಕೆಳಗೆ ಹೋದರೆ ಅವತ್ತೇ ಬ್ಯಾಕಪ್ ತೆಗೆದು ಹೊಸ ಡ್ರೈವ್ ತನ್ನಿ.

‘ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್’ ಸೊನ್ನೆ ಇರಬೇಕು. ಅದರ ಕೆಳಗೆ ಬರುವ ಎರರ್ ಲಾಗ್ ಎಂಟ್ರಿಗಳ ಸಂಖ್ಯೆ ನೂರಾರು ಇದ್ದರೂ ಹೆದರಬೇಡಿ. ಡ್ರೈವ್‌ಗೆ ಗೊತ್ತಿಲ್ಲದ ಕಮಾಂಡ್ ಬಂದರೂ ಅಲ್ಲಿ ಒಂದು ಸೇರಿಕೊಳ್ಳುತ್ತದೆ.

‘ಕ್ರಿಟಿಕಲ್ ವಾರ್ನಿಂಗ್’ ಕೂಡ ಸೊನ್ನೆಯೇ ಇರಬೇಕು. 1 ಅಂದರೆ ಸ್ಪೇರ್ ಮುಗಿಯುತ್ತಿದೆ, 2 ಅಂದರೆ ಟೆಂಪರೇಚರ್ ಮಿತಿ ಮೀರಿದೆ, 4 ಅಂದರೆ ಡ್ರೈವ್ ಮೇಲೆ ನಂಬಿಕೆ ಇಡುವ ಹಾಗಿಲ್ಲ, 8 ಅಂದರೆ ಡ್ರೈವ್ ಓದಲು ಮಾತ್ರ ಬಿಡುತ್ತಿದೆ. ಎರಡು ಒಟ್ಟಿಗೆ ಬಂದರೆ ಕೂಡಿದ ಅಂಕಿ ಕಾಣುತ್ತದೆ.

ಇನ್ನು ಸಾಟಾ. ಇಲ್ಲಿ ಒಬ್ಬೊಬ್ಬ ತಯಾರಕರದ್ದು ಒಂದೊಂದು ದಾರಿ. ಸಾಲಿನ ನಂಬರ್ ಒಂದೇ ಇದ್ದರೂ ಅರ್ಥ ಬೇರೆ ಇರಬಹುದು. 241ನೇ ಸಾಲನ್ನೇ ನೋಡಿ. ಸ್ಯಾಮ್ಸಂಗ್‌ನಲ್ಲಿ ಅದು ಬರೆದ ಎಲ್‌ಬಿಎಗಳ (512 ಬೈಟ್ ತುಂಡುಗಳ) ಸಂಖ್ಯೆ, 512ರಿಂದ ಗುಣಿಸಿದರೆ ಬೈಟ್ ಬರುತ್ತದೆ. ಅಲ್ಲಿ 3,906 ಕೋಟಿ 25 ಲಕ್ಷ ಅಂತ ಇದ್ದರೆ ಸರಿಯಾಗಿ 20 ಟಿಬಿ. ಇಂಟೆಲ್ ಡ್ರೈವ್‌ಗಳಲ್ಲಿ ಅದೇ ಸಾಲು 32 ಎಂಬಿ ತುಂಡುಗಳ ಲೆಕ್ಕ. ಕಿಂಗ್‌ಸ್ಟನ್‌ನ ಕೆಲವು ಡ್ರೈವ್‌ಗಳಲ್ಲಿ ನೇರವಾಗಿ ಜಿಬಿ. ಕ್ರೂಷಿಯಲ್ ಎಂಎಕ್ಸ್500ದಲ್ಲಿ 241 ಬಿಟ್ಟು 246 ನೋಡಬೇಕು. ಸವೆತದ ಸಾಲೂ ಹೀಗೇ: ಸ್ಯಾಮ್ಸಂಗ್‌ನಲ್ಲಿ 177, ಇಂಟೆಲ್‌ನಲ್ಲಿ 233, ಕ್ರೂಷಿಯಲ್‌ನಲ್ಲಿ 202, ಇನ್ನು ಹಲವರಲ್ಲಿ 231. ಕೈಯಿಂದ ಗುಣಿಸಿದ ಉತ್ತರ ನಂಬಲಾಗದಷ್ಟು ದೊಡ್ಡದಾಗಿಯೋ ಚಿಕ್ಕದಾಗಿಯೋ ಬಂದರೆ ಮೊದಲು ಅನುಮಾನ ಪಡಬೇಕಾದದ್ದು ಈ ಯೂನಿಟ್ ಮೇಲೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಗೊತ್ತಿರುವ ಮಾಡೆಲ್‌ಗಳಿಗೆ ಈ ಗುಣಾಕಾರವನ್ನು ತಾನೇ ಮಾಡುತ್ತದೆ.

ಎಂಎಕ್ಸ್500 ಇರುವವರಿಗೆ ಒಂದು ಲಾಭ ಇದೆ. 247ನೇ ಸಾಲು ಕಂಪ್ಯೂಟರ್ ಬರೆಸಿದ ಪೇಜ್‌ಗಳು, 248 ಡ್ರೈವ್ ತನ್ನ ಸ್ವಂತ ಕೆಲಸಕ್ಕೆ ಬರೆದುಕೊಂಡ ಪೇಜ್‌ಗಳು. ಎರಡನ್ನೂ ಕೂಡಿಸಿ 247ರಿಂದ ಭಾಗಿಸಿದರೆ ನಿಮ್ಮ ಡ್ರೈವ್‌ನ ರೈಟ್ ಆಂಪ್ಲಿಫಿಕೇಷನ್ ಸಿಗುತ್ತದೆ. ಎನ್‌ವಿಎಂಇಯ ಮಾಮೂಲಿ ಪಟ್ಟಿಯಲ್ಲಿ ಇದು ಇಲ್ಲ.

199ನೇ ಸಾಲು, ಸಿಆರ್‌ಸಿ ಎರರ್ (ಡ್ರೈವ್‌ಗೂ ಕಂಪ್ಯೂಟರಿಗೂ ನಡುವೆ ಮಾಹಿತಿ ಸಾಗುವಾಗ ಆದ ತಪ್ಪು), ಏರುತ್ತಿದ್ದರೆ ಹೆಚ್ಚಿನ ಸಲ ಡ್ರೈವ್‌ನ ತಪ್ಪಲ್ಲ. ಸಾಟಾ ಕೇಬಲ್ ಬದಲಿಸಿ ನೋಡಿ.

ಹಂತ 4: ಬರೆದಿಡಿ, ಕಳೆಯಿರಿ

ಎಕ್ಸೆಲ್ ಹಾಳೆಯೋ ಗೋಡೆ ಕ್ಯಾಲೆಂಡರಿನ ಮೂಲೆಯೋ, ಎಲ್ಲಾದರೂ ಸರಿ. ತಿಂಗಳಿಗೊಮ್ಮೆ ನಾಲ್ಕು ಅಂಕಿ ಬರೆಯಿರಿ: ದಿನಾಂಕ, ಒಟ್ಟು ರೈಟ್, ಪರ್ಸೆಂಟೇಜ್ ಯೂಸ್ಡ್, ಅವೈಲಬಲ್ ಸ್ಪೇರ್. ವಾರಕ್ಕೊಮ್ಮೆ ಬೇಡ, ಸುಮ್ನೆ ತಲೆ ಬಿಸಿ.

ಒಂದು ಲೆಕ್ಕ ಪೂರ್ತಿ ಮಾಡಿ ನೋಡೋಣ. 500 ಜಿಬಿ ಎನ್‌ವಿಎಂಇ, ಟಿಬಿಡಬ್ಲ್ಯೂ 300 ಅಂತ ಇಟ್ಟುಕೊಳ್ಳಿ. ಮೊದಲ ತಿಂಗಳ ರೀಡಿಂಗ್ 2,84,63,912 ಯೂನಿಟ್. 5,12,000ದಿಂದ ಗುಣಿಸಿದರೆ 14.57 ಟಿಬಿ. ಮೂವತ್ತು ದಿನ ಬಿಟ್ಟು ಮತ್ತೆ ನೋಡಿದಾಗ 2,90,14,506. ವ್ಯತ್ಯಾಸ 5,50,594 ಯೂನಿಟ್, ಅಂದರೆ ಸುಮಾರು 282 ಜಿಬಿ. ದಿನಕ್ಕೆ 9.4 ಜಿಬಿ. ಟಿಬಿಡಬ್ಲ್ಯೂ ಮುಟ್ಟಲು ಇನ್ನೂ 285 ಟಿಬಿ ಬಾಕಿ ಇದೆ. ತಿಂಗಳಿಗೆ 282 ಜಿಬಿಯಂತೆ ಹೋದರೆ ಸಾವಿರ ತಿಂಗಳ ಮೇಲೆ, ಅಂದರೆ 84 ವರ್ಷ. ಈ ಮನುಷ್ಯ ಮುಂದಿನ ಹಂತ ಓದುವ ಅಗತ್ಯವೇ ಇಲ್ಲ.

ಈಗ ಇನ್ನೊಂದು. ಒಂದು ಚಿಕ್ಕ ಅಂಗಡಿ, ನಾಲ್ಕು ಸಿಸಿಟಿವಿ ಕ್ಯಾಮೆರಾ, ರೆಕಾರ್ಡಿಂಗ್ ಹಳೆ ಕಂಪ್ಯೂಟರಿನ 240 ಜಿಬಿ ಎಸ್‌ಎಸ್‌ಡಿಗೆ. ಒಂದೊಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸಿದರೆ ಒಟ್ಟು 16 ಮೆಗಾಬಿಟ್, ಅಂದರೆ 2 ಮೆಗಾಬೈಟ್. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ದಿನಕ್ಕೆ 86,400 ಸೆಕೆಂಡ್. 172.8 ಜಿಬಿ ಆಯಿತು. 80 ಟಿಬಿಡಬ್ಲ್ಯೂ ಡ್ರೈವ್ 463 ದಿನದಲ್ಲಿ ಗೆರೆ ಮುಟ್ಟುತ್ತದೆ. ಇಲ್ಲಿ ಸೆಟ್ಟಿಂಗ್ ಬದಲಿಸುವುದರಿಂದ ಏನೂ ಆಗುವುದಿಲ್ಲ. ವಿಡಿಯೊ ಹಾಕಲು ಸಿಸಿಟಿವಿಗೆಂದೇ ಮಾಡಿದ ಹಾರ್ಡ್ ಡಿಸ್ಕ್ ತಂದು, ಎಸ್‌ಎಸ್‌ಡಿಯನ್ನು ವಿಂಡೋಸ್‌ಗೆ ಮಾತ್ರ ಬಿಡಬೇಕು.

ನನ್ನ ಅಳತೆ ಹೀಗೆ: ದಿನಕ್ಕೆ 30 ಜಿಬಿ ಒಳಗಿದ್ದರೆ ಮರೆತುಬಿಡಿ. 30ರಿಂದ 100 ಆದರೆ ನೀವು ಮಾಡುವ ಕೆಲಸಕ್ಕೆ ಅದು ಹೊಂದುತ್ತದಾ ಯೋಚಿಸಿ. ವಿಡಿಯೊ ಎಡಿಟಿಂಗ್, ವರ್ಚುವಲ್ ಮಷೀನ್, ದೊಡ್ಡ ಗೇಮ್‌ಗಳ ಡೌನ್‌ಲೋಡ್ ಇದ್ದರೆ ಹೊಂದುತ್ತದೆ. ಬರೀ ಬ್ರೌಸರ್, ವರ್ಡ್, ಟ್ಯಾಲಿ ಬಳಸುವವರಿಗೆ 100 ಬಂದರೆ ಏನೋ ಒಂದು ಕೆಟ್ಟಿದೆ, ಹುಡುಕಿ.

ಹಂತ 5: ಬರೆಯುತ್ತಿರುವ ಪ್ರೋಗ್ರಾಮ್ ಹಿಡಿಯಿರಿ

ವಿಂಡೋಸ್‌ನಲ್ಲಿ ರನ್ ಬಾಕ್ಸ್ ತೆರೆದು ರೆಸ್‌ಮಾನ್ ಅಂತ ಕೊಡಿ. ರಿಸೋರ್ಸ್ ಮಾನಿಟರ್ ಬರುತ್ತದೆ. ಡಿಸ್ಕ್ ಟ್ಯಾಬ್‌ಗೆ ಹೋಗಿ ‘ರೈಟ್’ ಕಾಲಂನ ತಲೆ ಮೇಲೆ ಒತ್ತಿ, ಜಾಸ್ತಿ ಬರೆಯುವವು ಮೇಲೆ ಬರುವಂತೆ. ಅಂಕಿ ಕಳೆದ ಒಂದು ನಿಮಿಷದ ಸರಾಸರಿ. ಮೇಲಿರುವ ಪ್ರೋಗ್ರಾಮಿನ ಪಕ್ಕದ ಚೌಕಕ್ಕೆ ಟಿಕ್ ಹಾಕಿದರೆ, ಕೆಳಗೆ ಡಿಸ್ಕ್ ಆಕ್ಟಿವಿಟಿಯಲ್ಲಿ ಅದು ಯಾವ ಫೈಲಿಗೆ ಬರೆಯುತ್ತಿದೆ ಅನ್ನುವುದು ಪೂರ್ತಿ ವಿಳಾಸದ ಸಮೇತ ಕಾಣುತ್ತದೆ. ಈ ಫೈಲ್ ಹೆಸರೇ ಮುಖ್ಯ. ಪ್ರೋಗ್ರಾಮಿನ ಹೆಸರಿಗಿಂತ ಅದು ಜಾಸ್ತಿ ಹೇಳುತ್ತದೆ.

ಮೇಲೆ ‘ಸಿಸ್ಟಮ್’ ಇದ್ದು, ಫೈಲ್ ಹೆಸರು ಪೇಜ್‌ಫೈಲ್.ಸಿಸ್ ಅಂತ ಬರುತ್ತಾ ಇದ್ದರೆ ರ‍್ಯಾಮ್ ಸಾಲುತ್ತಿಲ್ಲ, ಹಿಡಿಸದ್ದನ್ನು ವಿಂಡೋಸ್ ಈ ಫೈಲಿಗೆ ಸುರಿಯುತ್ತಿದೆ. 4 ಜಿಬಿ ಅಥವಾ 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರಿನ ನಲವತ್ತು ಟ್ಯಾಬ್ ತೆರೆದಿಟ್ಟರೆ ಇದು ಮಾಮೂಲು. ಇದಕ್ಕೆ ಮದ್ದು ಪೇಜ್‌ಫೈಲ್ ಆಫ್ ಮಾಡುವುದಲ್ಲ, ರ‍್ಯಾಮ್ ಹಾಕಿಸುವುದು. ಆಫ್ ಮಾಡಿದರೆ ರ‍್ಯಾಮ್ ತುಂಬಿದ ಕೂಡಲೇ ಪ್ರೋಗ್ರಾಮ್‌ಗಳು ಮುಚ್ಚಿಕೊಂಡು ಹೋಗುತ್ತವೆ. 2021ರ ಫೆಬ್ರುವರಿಯಲ್ಲಿ ಎಂ1 ಮ್ಯಾಕ್ ಕೊಂಡಿದ್ದ ಹಲವರು ತಮ್ಮ ಸ್ಮಾರ್ಟ್‌ಸಿಟಿಎಲ್ ರೀಡಿಂಗ್ ನೋಡಿ ಗಾಬರಿಯಾಗಿ ಹಂಚಿಕೊಂಡಾಗಲೂ ಮಾತು ಬಂದು ನಿಂತದ್ದು ಇಲ್ಲಿಗೇ, ಸ್ವಾಪ್ ಮೇಲೆ, ಅಂದರೆ ರ‍್ಯಾಮ್ ಸಾಲದೆ ಡಿಸ್ಕಿಗೆ ಬರೆಯುವುದರ ಮೇಲೆ.

ನಿಮಿಷದ ಸರಾಸರಿಯಲ್ಲಿ ಸಿಗದ ಕಳ್ಳರೂ ಇರುತ್ತಾರೆ. ಗಂಟೆಗೊಮ್ಮೆ ಎದ್ದು ಬರೆದು ಮಲಗುವವು. ಅದಕ್ಕೆ ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಟ್ಯಾಬ್‌ನಲ್ಲಿ ಕಾಲಂ ತಲೆ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಲೆಕ್ಟ್ ಕಾಲಮ್ಸ್‌ನಲ್ಲಿ ‘ಐ/ಒ ರೈಟ್ ಬೈಟ್ಸ್’ ಸೇರಿಸಿ. ಬೆಳಿಗ್ಗೆ ಕಂಪ್ಯೂಟರ್ ಹಾಕಿ, ಸಂಜೆ ಬಂದ್ ಮಾಡುವ ಮುಂಚೆ ನೋಡಿ. ಪ್ರೋಗ್ರಾಮ್ ಶುರುವಾದಾಗಿನಿಂದ ಕೂಡಿದ ಲೆಕ್ಕ ಇದು. ಇದರಲ್ಲಿ ಡಿಸ್ಕಿಗೆ ಹೋಗದ ನೆಟ್‌ವರ್ಕ್ ಮತ್ತಿತರ ಕೆಲಸವೂ ಸೇರಿರುತ್ತದೆ, ಆದ್ದರಿಂದ ಅಂಕಿಯನ್ನು ಅಕ್ಷರಶಃ ತೆಗೆದುಕೊಳ್ಳದೆ ಯಾರು ಮೇಲಿದ್ದಾರೆ ಅನ್ನುವುದನ್ನಷ್ಟೇ ನೋಡಿ.

ಲಿನಕ್ಸ್‌ನಲ್ಲಿ ಸುಡೊ ಐಯೊಟಾಪ್ -ಎ -ಒ ಕೊಟ್ಟು ಒಂದೆರಡು ಗಂಟೆ ಹಾಗೇ ಬಿಡಿ. ‘ಎ’ ಅಂದರೆ ಕೂಡಿಸುತ್ತಾ ಹೋಗು, ‘ಒ’ ಅಂದರೆ ಡಿಸ್ಕ್ ಮುಟ್ಟಿದವರನ್ನಷ್ಟೇ ತೋರಿಸು. ಯಾವ ಫೈಲ್ ಅಂತ ಬೇಕಾದರೆ ಫ್ಯಾಟ್ರೇಸ್ ಇದೆ. ಮ್ಯಾಕ್‌ನಲ್ಲಿ ಆಕ್ಟಿವಿಟಿ ಮಾನಿಟರಿನ ಡಿಸ್ಕ್ ಟ್ಯಾಬ್, ‘ಬೈಟ್ಸ್ ರಿಟನ್’ ಕಾಲಂ.

ಸಿಕ್ಕಿಬೀಳುವವರು ಯಾರು? ಬಹಳ ಸಲ ಯಾರೂ ಊಹಿಸದವರೇ. 2016ರ ನವೆಂಬರಿನಲ್ಲಿ ಸ್ಪಾಟಿಫೈಯ ಡೆಸ್ಕ್‌ಟಾಪ್ ಆ್ಯಪ್ ಹೀಗೇ ಸುದ್ದಿಯಾಯಿತು. ಹಾಡು ಹಾಕದೆ ಸುಮ್ಮನೆ ತೆರೆದಿಟ್ಟರೂ ಮರ್ಕ್ಯುರಿ.ಡಿಬಿ ಅನ್ನುವ ಒಂದು ಫೈಲನ್ನು ಮತ್ತೆ ಮತ್ತೆ ಹೊಸದಾಗಿ ಬರೆಯುತ್ತಾ ದಿನಕ್ಕೆ ಹತ್ತಾರು ಜಿಬಿ ತಿನ್ನುತ್ತಿತ್ತು. 1.0.42 ಆವೃತ್ತಿಯಲ್ಲಿ ಸರಿಪಡಿಸಿದರು. ಅದೇ ವರ್ಷ ಫೈರ್‌ಫಾಕ್ಸ್ ಮೇಲೂ ದೂರು ಬಂತು. ಬ್ರೌಸರ್ ಕೈಕೊಟ್ಟರೆ ಟ್ಯಾಬ್‌ಗಳು ವಾಪಸ್ ಬರಲಿ ಅಂತ 15 ಸೆಕೆಂಡಿಗೊಮ್ಮೆ ಸೆಷನ್ ಉಳಿಸುತ್ತಿತ್ತು. ಈಗಲೂ ಅಬೌಟ್:ಕಾನ್ಫಿಗ್‌ನಲ್ಲಿ ಬ್ರೌಸರ್.ಸೆಷನ್‌ಸ್ಟೋರ್.ಇಂಟರ್ವಲ್ ಹುಡುಕಿದರೆ 15000 ಅಂತ ಮಿಲಿಸೆಕೆಂಡ್‌ನಲ್ಲಿ ಕಾಣುತ್ತದೆ. ನಿಮ್ಮ ರಿಸೋರ್ಸ್ ಮಾನಿಟರಿನಲ್ಲಿ ಫೈರ್‌ಫಾಕ್ಸ್ ಮೇಲೆ ಬಂದರೆ ಅದನ್ನು 60000 ಮಾಡಿ. ಬರದಿದ್ದರೆ ಮುಟ್ಟಬೇಡಿ.

ಗೇಮ್ ಆಡುವವರ ಮನೆಯಲ್ಲಿ ಇನ್ನೊಬ್ಬ ಇದ್ದಾನೆ. ವಿಂಡೋಸ್‌ನ ಗೇಮ್ ಸೆಟ್ಟಿಂಗ್‌ನ ಕ್ಯಾಪ್ಚರ್ಸ್‌ನಲ್ಲಿ ‘ರೆಕಾರ್ಡ್ ವಾಟ್ ಹ್ಯಾಪಂಡ್’ ಆನ್ ಇದ್ದರೆ, ಎನ್‌ವಿಡಿಯಾದಲ್ಲಿ ಇನ್‌ಸ್ಟಂಟ್ ರೀಪ್ಲೇ ಆನ್ ಇದ್ದರೆ, ಕಳೆದ ಕೆಲವು ನಿಮಿಷದ ಆಟ ಯಾವಾಗ ಬೇಕಾದರೂ ಸಿಗಲಿ ಅಂತ ಎಡೆಬಿಡದೆ ವಿಡಿಯೊ ಬರೆಯುತ್ತಿರುತ್ತದೆ. ಮೇಲಿನ ಸಿಸಿಟಿವಿ ಲೆಕ್ಕವೇ ಇಲ್ಲಿಗೂ. ಬಳಸದೇ ಇದ್ದರೆ ಆಫ್ ಮಾಡಿ.

ಹಂತ 6: ಏನು ಬದಲಿಸಬೇಕು, ಏನು ಬೇಡ

ಡ್ರೈವನ್ನು ತುಂಬಿ ತುಳುಕಿಸಬೇಡಿ. ಶೇಕಡಾ 10ರಿಂದ 20 ಖಾಲಿ ಬಿಡಿ. ಜಾಗ ಇಲ್ಲದೇ ಹೋದರೆ ಕಂಟ್ರೋಲರ್ ಅದೇ ಪೇಜ್‌ಗಳನ್ನು ಆಕಡೆ ಈಕಡೆ ಸಾಗಿಸುತ್ತಾ ಒಳಗಿನ ರೈಟ್ ಹೆಚ್ಚಿಸಿಕೊಳ್ಳುತ್ತದೆ.

ಟ್ರಿಮ್ ಆನ್ ಇದೆಯಾ ನೋಡಿ. ಅಳಿಸಿದ ಫೈಲಿನ ಜಾಗ ಇನ್ನು ಬೇಕಿಲ್ಲ ಅಂತ ಡ್ರೈವ್‌ಗೆ ತಿಳಿಸುವುದು ಟ್ರಿಮ್. ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್ ತೆರೆದು ಎಫ್‌ಎಸ್‌ಯುಟಿಲ್ ಬಿಹೇವಿಯರ್ ಕ್ವೆರಿ ಡಿಸೇಬಲ್‌ಡಿಲೀಟ್‌ನೋಟಿಫೈ ಕೊಡಿ. ಉತ್ತರ 0 ಬಂದರೆ ಆನ್ ಇದೆ ಅಂತ ಅರ್ಥ. ಲಿನಕ್ಸ್‌ನಲ್ಲಿ ಎಫ್‌ಎಸ್‌ಟ್ರಿಮ್.ಟೈಮರ್ ನಡೆಯುತ್ತಿದೆಯಾ ಅಂತ ಸಿಸ್ಟಮ್‌ಸಿಟಿಎಲ್ ಮೂಲಕ ನೋಡಿ.

ಇನ್ನು ಎಸ್‌ಎಸ್‌ಡಿ ಉಳಿಸುವ ನೂರು ಟಿಪ್ಸ್ ಅಂತ ಓಡಾಡುವ ಪಟ್ಟಿಗಳಿವೆ. ಸರ್ಚ್ ಇಂಡೆಕ್ಸಿಂಗ್ ನಿಲ್ಲಿಸಿ, ಬ್ರೌಸರ್ ಕ್ಯಾಶ್ ರ‍್ಯಾಮ್‌ಗೆ ಹಾಕಿ, ಡಾಕ್ಯುಮೆಂಟ್ಸ್ ಎಲ್ಲ ಹಾರ್ಡ್ ಡಿಸ್ಕಿಗೆ ಸಾಗಿಸಿ ಅಂತ. ದಿನಕ್ಕೆ ಒಂದೆರಡು ಜಿಬಿ ಉಳಿಸಲು ಎಸ್‌ಎಸ್‌ಡಿ ಕೊಂಡ ಉದ್ದೇಶವನ್ನೇ ಬಿಟ್ಟುಕೊಟ್ಟ ಹಾಗೆ. ನಾನಂತೂ ಇದ್ಯಾವುದನ್ನೂ ಮಾಡುವುದಿಲ್ಲ. ಕೈಯಿಂದ ಡಿಫ್ರಾಗ್ (ಚದುರಿದ ಫೈಲ್ ತುಂಡುಗಳನ್ನು ಒಟ್ಟಿಗೆ ಬರೆಯುವುದು) ಮಾಡುವ ಹಳೆ ಸಾಫ್ಟ್‌ವೇರ್ ಇದ್ದರೆ ಮಾತ್ರ ತೆಗೆದು ಹಾಕಿ. ವಿಂಡೋಸ್‌ನದ್ದೇ ಆದ ‘ಆಪ್ಟಿಮೈಸ್ ಡ್ರೈವ್ಸ್’ಗೆ ಎಸ್‌ಎಸ್‌ಡಿ ಗುರುತಿಸಲು ಬರುತ್ತದೆ, ಅದನ್ನು ಅದರ ಪಾಡಿಗೆ ಬಿಡಿ.

ಹಂತ 7: ಸವೆತದ ಲೆಕ್ಕದಲ್ಲಿ ಕಾಣದ ಸಾವುಗಳು

ಮೀಟರ್ ಚೆನ್ನಾಗಿದ್ದರೂ ಡ್ರೈವ್ ಹೋಗಬಹುದು. 2019ರ ನವೆಂಬರಿನಲ್ಲಿ ಎಚ್‌ಪಿಇ ಕಂಪನಿ ತನ್ನ ಸರ್ವರ್‌ಗಳ ಕೆಲವು ಎಸ್‌ಎಸ್‌ಡಿಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಸರಿಯಾಗಿ 32,768 ಗಂಟೆ ಓಡಿದ ಮೇಲೆ ಅವು ಸಾಯುತ್ತಿದ್ದವು, ಎಷ್ಟು ಬರೆದಿದ್ದರೂ ಬರೆಯದಿದ್ದರೂ. ಕಾರಣ ಫರ್ಮ್‌ವೇರ್, ಅಂದರೆ ಡ್ರೈವ್ ಒಳಗೇ ಇರುವ ಸಾಫ್ಟ್‌ವೇರ್. 2023ರ ಆರಂಭದಲ್ಲಿ ಸ್ಯಾಮ್ಸಂಗ್ 990 ಪ್ರೊ ಡ್ರೈವ್‌ಗಳಲ್ಲಿ ಇದರ ಉಲ್ಟಾ ಕಂಡಿತು: ಬರೆದದ್ದು ಕೆಲವೇ ಟಿಬಿ, ಹೆಲ್ತ್ ಮಾತ್ರ ದಡದಡನೆ ಇಳಿಯುತ್ತಿತ್ತು. ಅದಕ್ಕೂ ಹೊಸ ಫರ್ಮ್‌ವೇರ್ ಬಂತು, ಆದರೆ ಆಗಲೇ ಇಳಿದ ಶೇಕಡಾ ವಾಪಸ್ ಬರಲಿಲ್ಲ. ಒಟ್ಟು ರೈಟ್ ಮತ್ತು ಪರ್ಸೆಂಟೇಜ್ ಎರಡನ್ನೂ ಪಕ್ಕಪಕ್ಕ ಬರೆದಿಡಿ ಅಂದಿದ್ದು ಇದಕ್ಕೇ. ಎರಡೂ ಜೊತೆಜೊತೆಯಲ್ಲಿ ಏರಬೇಕು. ಒಂದು ನಿಂತು ಇನ್ನೊಂದು ಓಡಿದರೆ ತಯಾರಕರ ಟೂಲ್ ತೆರೆದು ಫರ್ಮ್‌ವೇರ್ ಅಪ್‌ಡೇಟ್ ಇದೆಯಾ ನೋಡಿ. ಸ್ಯಾಮ್ಸಂಗ್‌ಗೆ ಮೆಜಿಷಿಯನ್, ಕ್ರೂಷಿಯಲ್‌ಗೆ ಸ್ಟೋರೇಜ್ ಎಕ್ಸಿಕ್ಯೂಟಿವ್, ಕಿಂಗ್‌ಸ್ಟನ್‌ಗೆ ಎಸ್‌ಎಸ್‌ಡಿ ಮ್ಯಾನೇಜರ್. ಅಪ್‌ಡೇಟ್‌ಗೆ ಮುಂಚೆ ಬ್ಯಾಕಪ್ ತೆಗೆಯಿರಿ.

‘ಅನ್‌ಸೇಫ್ ಶಟ್‌ಡೌನ್ಸ್’ ಅನ್ನುವ ಸಾಲೂ ಇದೆ. ಹಠಾತ್ತನೆ ಕರೆಂಟ್ ಹೋಗಿ ಡ್ರೈವ್ ಆರಿದ ಲೆಕ್ಕ. ಡೆಸ್ಕ್‌ಟಾಪ್ ಇದ್ದು, ದಿನಾ ಕರೆಂಟ್ ಹೋಗುವ ಊರಾದರೆ ಈ ಅಂಕಿ ಬೇಗ ಏರುತ್ತದೆ. ಮನೆ ಬಳಕೆಯ ಎಸ್‌ಎಸ್‌ಡಿಗಳಲ್ಲಿ ಸಾಮಾನ್ಯವಾಗಿ ಕರೆಂಟ್ ಹೋದಾಗ ಕಾಪಾಡುವ ದೊಡ್ಡ ಕೆಪಾಸಿಟರ್ ಇರುವುದಿಲ್ಲ. ಬರೆಯುತ್ತಿರುವಾಗಲೇ ಆರಿದರೆ ಫೈಲ್ ಕೆಡಬಹುದು. ಸವೆತಕ್ಕೆ ಹೆದರಿ ಹತ್ತು ಸೆಟ್ಟಿಂಗ್ ಬದಲಿಸುವ ಬದಲು ಒಂದು ಚಿಕ್ಕ ಯುಪಿಎಸ್ ತರುವುದು ಮೇಲು.

ತಿಂಗಳ ರೀಡಿಂಗ್ ಮರೆತುಹೋಗುತ್ತದೆ ಅನ್ನುವವರು ಕ್ರಿಸ್ಟಲ್‌ಡಿಸ್ಕ್‌ಇನ್ಫೋದ ಫಂಕ್ಷನ್ ಮೆನುವಿನಲ್ಲಿ ರೆಸಿಡೆಂಟ್, ಸ್ಟಾರ್ಟಪ್ ಎರಡಕ್ಕೂ ಟಿಕ್ ಹಾಕಿ. ಗಡಿಯಾರದ ಪಕ್ಕ ಕೂತು ತಾನೇ ದಾಖಲೆ ಇಡುತ್ತದೆ, ಗ್ರಾಫ್ ಕೂಡ ತೋರಿಸುತ್ತದೆ. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ಸ್ಮಾರ್ಟ್‌ಡಿ ಇದೆ, ತೊಂದರೆ ಕಂಡರೆ ಮೇಲ್ ಕಳಿಸುವಂತೆಯೂ ಹೇಳಿಡಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ, ಮಾರುವಾಗ

ಬೆಂಗಳೂರಿನ ಎಸ್.ಪಿ. ರೋಡ್ ಆಗಲಿ, ಆನ್‌ಲೈನ್ ಆಗಲಿ, ಹಳೆ ಡ್ರೈವ್ ಕೊಳ್ಳುವ ಮುಂಚೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದ ಸ್ಕ್ರೀನ್‌ಶಾಟ್ ಕೇಳಿ. ಸಾಧ್ಯವಾದರೆ ಎದುರಿಗೇ ಹಾಕಿಸಿ ನೋಡಿ. ಹೆಲ್ತ್ ಶೇಕಡಾ ಒಂದನ್ನೇ ನೋಡಬೇಡಿ. ‘ಪವರ್ ಆನ್ ಅವರ್ಸ್’ ಮತ್ತು ಒಟ್ಟು ರೈಟ್ ಎರಡನ್ನೂ ಸೇರಿಸಿ ನೋಡಿ. 20,000 ಗಂಟೆ ಓಡಿ 15 ಟಿಬಿ ಬರೆದ ಡ್ರೈವ್ ಯಾವುದೋ ಆಫೀಸಿನ ಮೇಜಿನ ಮೇಲೆ ಆರಾಮಾಗಿ ಇದ್ದದ್ದು. 3,000 ಗಂಟೆಯಲ್ಲಿ 200 ಟಿಬಿ ಬರೆದದ್ದು ಎಲ್ಲೋ ಚೆನ್ನಾಗಿ ದುಡಿದು ಬಂದಿದೆ. ಸ್ಟಿಕ್ಕರ್ ಮೇಲಿನ ತಯಾರಿಕೆ ದಿನಾಂಕ ಐದು ವರ್ಷ ಹಿಂದಿನದು, ಗಂಟೆ ಮಾತ್ರ 12 ಅಂತ ತೋರಿಸಿದರೆ ಮೀಟರ್ ತಿರುಗಿಸಿರುವ ಸಾಧ್ಯತೆ ಇದೆ, ಬಿಟ್ಟುಬಿಡಿ.

ಇನ್ನು ನಿಮ್ಮದೇ ಡ್ರೈವ್‌ನ ಪರ್ಸೆಂಟೇಜ್ ಯೂಸ್ಡ್ ನೂರು ಮುಟ್ಟಿತು, ಸ್ಪೇರ್ ಇನ್ನೂ 100 ಇದೆ, ಎರರ್ ಸೊನ್ನೆ ಅಂತ ಇಟ್ಟುಕೊಳ್ಳಿ. ಎಸೆಯಬೇಕಿಲ್ಲ. ವಿಡಿಯೊ ಎಡಿಟಿಂಗ್‌ನ ತಾತ್ಕಾಲಿಕ ಫೈಲ್‌ಗಳಿಗೆ, ಗೇಮ್‌ಗಳಿಗೆ, ಹೋದರೂ ಪರವಾಗಿಲ್ಲ ಅನ್ನುವ ಕೆಲಸಕ್ಕೆ ಬಳಸಿ. ಹಳೆ ಫೋಟೊ ತುಂಬಿಸಿ ಬೀರುವಿನಲ್ಲಿ ಇಡಲು ಮಾತ್ರ ಬೇಡ. ಮನೆ ಬಳಕೆಯ ಎಸ್‌ಎಸ್‌ಡಿಗೆ ಜೆಡೆಕ್ (ಚಿಪ್ ಉದ್ಯಮದ ಮಾನದಂಡ ಸಂಸ್ಥೆ) ಇಟ್ಟಿರುವ ಮಾನದಂಡದ ಪ್ರಕಾರ, ಆಯಸ್ಸಿನ ಕೊನೆ ಮುಟ್ಟಿದ ಡ್ರೈವ್ ಕರೆಂಟ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಟ್ಟುಕೊಂಡರೆ ಸಾಕು. ಬಿಸಿ ಹೆಚ್ಚಾದರೆ ಈ ಅವಧಿ ಇನ್ನೂ ಕಡಿಮೆಯಾಗುತ್ತದೆ. ಏಪ್ರಿಲ್‌ನಲ್ಲಿ ಕಲಬುರಗಿಯ ಬೀರು ಎಷ್ಟು ಕಾಯುತ್ತದೆ ಅಂತ ಅಲ್ಲಿನವರಿಗೆ ಹೇಳಬೇಕಿಲ್ಲ. ಫೋಟೊಗಳಿಗೆ ಮಾಮೂಲಿ ಹಾರ್ಡ್ ಡಿಸ್ಕ್ ಒಂದು, ಅದರ ಇನ್ನೊಂದು ಕಾಪಿ ಬೇರೆ ಮನೆಯಲ್ಲೋ ಕ್ಲೌಡ್‌ನಲ್ಲೋ ಇಡಿ.